ಇಳಿವಯಸ್ಸಿನ ರೋಗಿ ಮತ್ತು ತೀವ್ರ ನಿಗಾ ಘಟಕ: ಮನೆಯವರ ನಿರ್ಣಯ

(ಬಸದಿಯ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)

 

ಇಂತಹ ಮಂಗಲ ಸಮಾರಂಭದಲ್ಲಿ ಆಸ್ಪತ್ರೆಯ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಪಂಚಕಲ್ಯಾಣಗಳಲ್ಲಿ ಐದನೆಯದು ಮೋಕ್ಷಕಲ್ಯಾಣ. ದೇಹದ ಕೊನೆಯನ್ನು ಅಮಂಗಲವೆಂದು ಮರೆಮಾಡುವ ಪದ್ಧತಿ ಜಿನಶಾಸನದಲ್ಲಿ ಇಲ್ಲ. ಅಲ್ಲದೆ ಈ ಸಭೆಯಲ್ಲಿ ಎಂಬತ್ತು ದಾಟಿದ ಹಿರಿಯರು ಅನೇಕರಿದ್ದಾರೆ, ಅವರನ್ನು ಕೈಹಿಡಿದು ಕರೆತಂದ ಮಕ್ಕಳೂ ಇದ್ದಾರೆ. ಮಾತು ಈ ಎರಡು ಪಕ್ಷದವರಿಗೂ ಸಂಬಂಧಿಸಿದ್ದು.

ಈ ಸೀಮೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಅಡಿಕೆ ತೋಟದ ಮಗ್ಗುಲಲ್ಲಿ ಮನೆ. ಎಂಬತ್ತೆಂಟು ವರ್ಷದ ಅಜ್ಜ, ಎಂಬತ್ತೆರಡರ ಅಜ್ಜಿ, ಕೆಲಸದ ಒಬ್ಬ ಆಳು. ಹಿರಿಮಗ ಬೆಂಗಳೂರಿನಲ್ಲಿ, ಕಿರಿಯವನು ಅಮೆರಿಕದಲ್ಲಿ, ಮಗಳು ಹುಬ್ಬಳ್ಳಿಯಲ್ಲಿ. ಆಷಾಢದ ಮಳೆಯ ಒಂದು ರಾತ್ರಿ ಅಜ್ಜನಿಗೆ ಉಸಿರು ಮೇಲೇಳುತ್ತದೆ. ನೆರೆಮನೆಯವರು ಕಾರು ತಂದು ತಾಲೂಕು ಆಸ್ಪತ್ರೆಗೆ ಮುಟ್ಟಿಸುತ್ತಾರೆ. ವೈದ್ಯರು ಪ್ರಾಣವಾಯು ಕೊಟ್ಟು, ಎದೆ ಪರೀಕ್ಷಿಸಿ, "ಇವರಿಗೆ ಐ.ಸಿ.ಯು. ಬೇಕಾಗಬಹುದು, ಮುಂದಕ್ಕೆ ಒಯ್ಯುತ್ತೀರಾ?" ಎಂದು ಕೇಳುತ್ತಾರೆ. ನೆರೆಯವರು ಅಜ್ಜಿಯ ಮುಖ ನೋಡುತ್ತಾರೆ. ಅಜ್ಜಿ ದೂರವಾಣಿಯ ಕಡೆ ನೋಡುತ್ತಾರೆ. ದೂರವಾಣಿಯಲ್ಲಿ ಮೂವರು ಮಕ್ಕಳು ಮೂರು ಬಗೆಯಾಗಿ ಮಾತನಾಡುತ್ತಾರೆ. ಅತ್ಯಂತ ದೂರದಲ್ಲಿರುವವನೇ ಅತ್ಯಂತ ಗಟ್ಟಿಯಾಗಿ, "ಏನು ಖರ್ಚಾದರೂ ಸರಿ, ಎಲ್ಲವನ್ನೂ ಮಾಡಿ" ಎನ್ನುತ್ತಾನೆ. ಅವನ ಪ್ರೀತಿಯಲ್ಲಿ ದೋಷವಿಲ್ಲ. ಆದರೆ ಕಳೆದ ಎರಡು ವರ್ಷಗಳಲ್ಲಿ ಅಪ್ಪ ಎಷ್ಟು ಕುಗ್ಗಿದ್ದಾರೆಂಬುದನ್ನು ಅವನು ಕಂಡಿಲ್ಲ. ಮಂಚದ ಮೇಲೆ ಇರುವ ಅಜ್ಜನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಎಚ್ಚರವಿದ್ದಾಗ ಕೇಳಿರಲಿಲ್ಲ, ಈಗ ಕೇಳಿ ಪ್ರಯೋಜನವಿಲ್ಲ.

ಈ ಪ್ರಶ್ನೆ ಬೆಂಗಳೂರಿನಲ್ಲಿ ಒಂದು ತೂಕವಾದರೆ ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಇನ್ನೊಂದು ತೂಕ. ಅಲ್ಲಿ ನಿರ್ಣಯ ತಪ್ಪಿದರೆ ಒಂದು ಕೊಠಡಿಯಿಂದ ಇನ್ನೊಂದು ಕೊಠಡಿಗೆ ಹೋಗಬೇಕಾದೀತು. ಇಲ್ಲಿಯಾದರೋ ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರು, ಯಲ್ಲಾಪುರದಿಂದ ಸುಮಾರು ಎಪ್ಪತ್ತು. ಸಿದ್ದಾಪುರದವರು ಸಾಗರದ ಮೇಲೆ ಶಿವಮೊಗ್ಗಕ್ಕೆ ಹೋಗಬೇಕು, ಇಲ್ಲವೇ ಘಟ್ಟವಿಳಿದು ಮಣಿಪಾಲ, ಮಂಗಳೂರುಗಳ ದಾರಿ ಹಿಡಿಯಬೇಕು. ಜಿಲ್ಲಾ ಕೇಂದ್ರವಾದ ಕಾರವಾರ ಘಟ್ಟದ ಕೆಳಗಿದೆ. ಮಳೆಗಾಲದಲ್ಲಿ ದೇವಿಮನೆ ಘಟ್ಟವಾಗಲಿ ಅರಬೈಲು ಘಟ್ಟವಾಗಲಿ ತೆರೆದಿರುತ್ತದೆಂಬ ಭರವಸೆಯಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಿದ್ದದ್ದನ್ನು ಯಾರೂ ಮರೆತಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2022ರ ಜುಲೈ 20ರಂದು, ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸು ಬೈಂದೂರು ಬಳಿಯ ಶಿರೂರು ಟೋಲಿನಲ್ಲಿ ಜಾರಿ ಉರುಳಿ ನಾಲ್ವರು ಸತ್ತರು. ಉತ್ತರ ಕನ್ನಡಕ್ಕೆ ಒಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಮೇಲೆ ಜಿಲ್ಲೆಯ ಉದ್ದಗಲಕ್ಕೂ ಇನ್ನಷ್ಟು ಜೋರಾಯಿತು. ಕೂಗು ನ್ಯಾಯವಾದದ್ದು. ಆದರೆ ಎಷ್ಟು ದೊಡ್ಡ ಆಸ್ಪತ್ರೆ ಬಂದರೂ ಅದರ ಬಾಗಿಲಲ್ಲಿ ನಿಂತು ಉತ್ತರಿಸಬೇಕಾದ ಪ್ರಶ್ನೆ ಮನೆಯವರಿಗೆ ತಪ್ಪುವುದಿಲ್ಲ.

ಐ.ಸಿ.ಯು. ಎಂಬ ಈ ಸೌಕರ್ಯ ಹುಟ್ಟಿದ್ದು ಹೇಗೆಂಬುದನ್ನು ಇಲ್ಲಿ ಸ್ವಲ್ಪ ನೆನೆಯುವುದು ಉಚಿತ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಮಾರಿ ಹಬ್ಬಿ, ಉಸಿರಾಡಲಾಗದೆ ಮಕ್ಕಳು ಸಾಯತೊಡಗಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಹನ್ನೆರಡು ವರ್ಷದ ಒಬ್ಬ ಬಾಲಕಿಯ ಕಂಠದಲ್ಲಿ ರಂಧ್ರ ಮಾಡಿಸಿ, ನಳಿಗೆ ಸೇರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತ ಉಸಿರು ತುಂಬಿಸಿ ಬದುಕಿಸಿದರು. ಬಳಿಕ ನೂರಾರು ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ಹಗಲಿರುಳು ಆ ಚೀಲಗಳನ್ನು ಒತ್ತಿದರು. ಮುಂದಿನ ವರ್ಷ ಅಲ್ಲಿ ಇಂತಹ ರೋಗಿಗಳಿಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಅರ್ಥಾತ್, ಮೂಲತಃ ಇದು ಗುಣವಾಗಬಲ್ಲ ದೇಹಕ್ಕೆ ಸಂಕಟದ ಕೆಲವು ದಿನಗಳನ್ನು ದಾಟಿಸುವ ಒಂದು ದೋಣಿ. ಆಚೆಯ ದಡವೇ ಇಲ್ಲದವನಿಗೆ ದೋಣಿಯೇನು ಮಾಡೀತು? ದೋಣಿಯಲ್ಲಿಯೇ ಉಳಿಸಿಕೊಂಡೀತು, ಅಷ್ಟೇ.

ಹಾಗಾದರೆ ಎಂಬತ್ತು ದಾಟಿದವರನ್ನು ಅಲ್ಲಿಗೆ ಸೇರಿಸಲೇಬಾರದೇ? ಈ ತೀರ್ಮಾನಕ್ಕೆ ಬರುವವರೂ ಉಂಟು. "ವಯಸ್ಸಾಯಿತು, ಇನ್ನೇಕೆ" ಎಂದು ಅಡಿಕೆ ಚೀಲಕ್ಕೆ ದರ ಕಟ್ಟುವಂತೆ ಮಾತನಾಡುವ ಮಕ್ಕಳು ಈ ಸೀಮೆಯಲ್ಲಿಲ್ಲವೆಂದು ಯಾರೂ ಎದೆ ತಟ್ಟಿ ಹೇಳಲಾರರು. ಇದು ಮೊದಲನೆಯದಕ್ಕಿಂತ ದೊಡ್ಡ ದೋಷ. ವರ್ಷಗಳ ಎಣಿಕೆಯೊಂದರಿಂದಲೇ ನಿರ್ಣಯ ಮಾಡಬಾರದೆಂದು ವೈದ್ಯಶಾಸ್ತ್ರವೂ ಸ್ಪಷ್ಟವಾಗಿ ಹೇಳುತ್ತದೆ. ಹೃದಯದ ಮಿಡಿತ ತಡೆದು ಪ್ರಜ್ಞೆ ತಪ್ಪಿದ ವೃದ್ಧರು ಪೇಸ್‌ಮೇಕರ್ ಕೂಡಿಸಿದ ಕೆಲವೇ ದಿನಗಳಲ್ಲಿ ಎದ್ದು ಮನೆಗೆ ಬರುತ್ತಾರೆ. ರಕ್ತದಲ್ಲಿ ಉಪ್ಪಿನ ಅಂಶವಿಳಿದು ತಬ್ಬಿಬ್ಬಾಗಿ ಮಾತನಾಡುತ್ತಿದ್ದ ಅಜ್ಜಿ, ಅದನ್ನು ಜಾಗ್ರತೆಯಿಂದ ಸರಿಪಡಿಸಿದ ಮೇಲೆ ಮೊಮ್ಮಕ್ಕಳ ಹೆಸರು ಹಿಡಿದು ಕರೆಯುತ್ತಾರೆ. ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದವರಿಗೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ ಎಬ್ಬಿಸಿ ನಡೆಸುವುದೇ ಉತ್ತಮವೆಂಬುದು ಈಗ ಸರ್ವಸಮ್ಮತ. ಸಿದ್ದಾಪುರದ ಕಾಡಂಚಿನ ಊರುಗಳಿಗೆ ಮಂಗನ ಕಾಯಿಲೆಯ ಪರಿಚಯ ಹೇಳಬೇಕಾಗಿಲ್ಲ. ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಆ ಜ್ವರಕ್ಕೆ ನೇರ ಔಷಧವಿಲ್ಲ. ಆದರೆ ರಕ್ತಸ್ರಾವವನ್ನೂ ದೇಹದ ದ್ರವಾಂಶವನ್ನೂ ಬಿಡದೆ ನೋಡಿಕೊಂಡು ಆ ವಾರವನ್ನು ದಾಟಿಸಿದರೆ ಹೆಚ್ಚಿನವರು ಉಳಿಯುತ್ತಾರೆ. ಅಲ್ಲಿ "ವಯಸ್ಸಾಯಿತು" ಎಂದು ಮನೆಯಲ್ಲಿ ಮಲಗಿಸುವುದು ಅಪರಾಧವೇ ಸರಿ.

ಭೇದವನ್ನು ತಿಳಿಯುವುದು ಹೇಗೆ? ಕೆನಡಾ ದೇಶದ ವೈದ್ಯ ಕೆನೆತ್ ರಾಕ್‌ವುಡ್ ಮತ್ತು ಅವರ ಸಂಗಡಿಗರು 2005ರಲ್ಲಿ ಒಂದು ಮಾನದಂಡವನ್ನು ಪ್ರಕಟಿಸಿದರು. ಈಗ ಅದರಲ್ಲಿ ಒಂಬತ್ತು ಮೆಟ್ಟಿಲುಗಳಿವೆ. ಇದಕ್ಕೆ ಯಂತ್ರ ಬೇಡ, ರಕ್ತಪರೀಕ್ಷೆ ಬೇಡ. ಈ ಕಾಯಿಲೆ ಬರುವುದಕ್ಕೆ ಎರಡು ವಾರ ಮೊದಲು ಆ ವ್ಯಕ್ತಿ ಹೇಗಿದ್ದರು ಎಂಬುದೊಂದನ್ನೇ ಅದು ಕೇಳುತ್ತದೆ. ಇಲ್ಲಿಯ ಜೀವನಕ್ಕೆ ಹೊಂದಿಸಿ ಹೇಳುವುದಾದರೆ: ತಾವೇ ತೋಟಕ್ಕೆ ಹೋಗಿ ಬರುತ್ತಿದ್ದರೇ? ಬಸದಿಯ ಮೆಟ್ಟಿಲನ್ನು ಆಸರೆಯಿಲ್ಲದೆ ಏರುತ್ತಿದ್ದರೇ? ಅಂಗಡಿಯ ಲೆಕ್ಕ, ಔಷಧದ ಲೆಕ್ಕ ತಾವೇ ಇಡುತ್ತಿದ್ದರೇ? ಸ್ನಾನಕ್ಕೆ ಮತ್ತೊಬ್ಬರ ಕೈ ಬೇಕಾಗಿತ್ತೇ? ಅಥವಾ ತುತ್ತು ಬಾಯಿಗಿಡುವುದಕ್ಕೂ, ಮಗ್ಗುಲು ಬದಲಿಸುವುದಕ್ಕೂ ಪರಾಧೀನರಾಗಿದ್ದರೇ? ಮೊದಲನೆಯ ಬಗೆಯ ತೊಂಬತ್ತರ ಮುದುಕರು ಐ.ಸಿ.ಯು.ವಿನಿಂದ ಮರಳಿಯಾರು. ಕೊನೆಯ ಬಗೆಯ ಎಪ್ಪತ್ತೈದರವರು ಮರಳುವುದು ಕಠಿಣ. ವೈದ್ಯರು ಈ ಪ್ರಶ್ನೆಗಳನ್ನು ಕೇಳಿದಾಗ ಮನೆಯವರು ಮಾನಕ್ಕಂಜಿ "ಚೆನ್ನಾಗಿಯೇ ಇದ್ದರು" ಎಂದು ಬಿಡುವುದುಂಟು. ಬಣ್ಣ ಕಟ್ಟಿದ ಅಡಿಕೆಯನ್ನು ತಕ್ಕಡಿಗೆ ಹಾಕಿದಂತೆ ಅದು. ಮೋಸ ಹೋಗುವವರು ವೈದ್ಯರಲ್ಲ.

ಯುರೋಪಿನ 21 ದೇಶಗಳಲ್ಲಿ ಎಂಬತ್ತು ದಾಟಿದ ಐದು ಸಾವಿರಕ್ಕೂ ಮಿಕ್ಕಿದ ಐ.ಸಿ.ಯು. ರೋಗಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರಲ್ಲಿ ಸುಮಾರು ಮೂರರಲ್ಲೊಬ್ಬರು ಮೂವತ್ತು ದಿನದೊಳಗೆ ತೀರಿಕೊಂಡರು. ದೇಹ ಮೊದಲೇ ಜರ್ಜರಿತವಾಗಿದ್ದವರಲ್ಲಿ ಮರಣ ಇನ್ನೂ ಹೆಚ್ಚು. ಅದೇ ವರ್ಷ ಫ್ರಾನ್ಸಿನಿಂದ ಬಂದ ವರದಿ ಇನ್ನೂ ವಿಚಾರಾರ್ಹ. ಅಲ್ಲಿ 24 ಆಸ್ಪತ್ರೆಗಳನ್ನು ಆರಿಸಿ, 75 ವರ್ಷ ದಾಟಿದ, ಕ್ಯಾನ್ಸರ್ ಇಲ್ಲದ, ಮೊದಲು ತಕ್ಕಮಟ್ಟಿಗೆ ಸ್ವಾವಲಂಬಿಗಳಾಗಿದ್ದ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಲಾಯಿತು. ಅರ್ಧ ಆಸ್ಪತ್ರೆಗಳಲ್ಲಿ ಇಂಥವರನ್ನೆಲ್ಲ ಐ.ಸಿ.ಯು.ಗೆ ಸೇರಿಸಿಕೊಳ್ಳಲು ಉತ್ತೇಜನ, ಉಳಿದವುಗಳಲ್ಲಿ ಎಂದಿನ ಪದ್ಧತಿ. ಮೊದಲನೆಯ ಕಡೆ ನೂರಕ್ಕೆ 61 ಮಂದಿ ಸೇರಿದರು, ಎರಡನೆಯ ಕಡೆ 34 ಮಂದಿ. ಆರು ತಿಂಗಳ ಬಳಿಕ ಲೆಕ್ಕ ನೋಡಿದಾಗ, ಹೆಚ್ಚು ಜನರನ್ನು ಸೇರಿಸಿದ್ದರಿಂದ ಮರಣವೇನೂ ಕಡಿಮೆಯಾಗಿರಲಿಲ್ಲ. ಇದರಿಂದ ಐ.ಸಿ.ಯು. ನಿರರ್ಥಕವೆಂದು ಸಿದ್ಧವಾಗುವುದಿಲ್ಲ. ಕೇವಲ ಸೇರಿಸಿದ ಮಾತ್ರಕ್ಕೆ ಕರ್ತವ್ಯ ತೀರಿತೆಂದು ತಿಳಿಯುವವರ ಖಾತೆಯಲ್ಲಿ ಜಮೆ ಬಾಜು ಖಾಲಿಯಿರಬಹುದೆಂದು ಮಾತ್ರ ಇದು ತೋರಿಸುತ್ತದೆ. ಖರ್ಚಿನ ಬಾಜುವಂತೂ ತುಂಬಿಯೇ ಇರುತ್ತದೆ. ಹಣದ ಮಾತಷ್ಟೇ ಅಲ್ಲ: ಗಂಟಲಲ್ಲಿ ನಳಿಗೆ, ಕಿತ್ತುಕೊಳ್ಳದಂತೆ ಕಟ್ಟಿದ ಕೈ, ಹಗಲೋ ರಾತ್ರಿಯೋ ತಿಳಿಯದ ದೀಪದ ಬೆಳಕು, ಬುದ್ಧಿಭ್ರಮಣೆ, ಕೆಲವೇ ದಿನಗಳಲ್ಲಿ ಕರಗಿಹೋಗುವ ಮಾಂಸಖಂಡ, ಗಾಜಿನಾಚೆ ನಿಂತ ಹೆಂಡತಿ.

ಇಲ್ಲಿ ಒಂದು ಸಂದೇಹವನ್ನು ಬಿಡಿಸಿಕೊಳ್ಳುವುದು ಅವಶ್ಯ. ಯಂತ್ರವನ್ನು ಬೇಡವೆನ್ನುವುದೇ ಸಲ್ಲೇಖನವೆಂದು ಕೆಲವರು ತಿಳಿದಿದ್ದಾರೆ. ಎರಡೂ ಒಂದಲ್ಲ. ಸಲ್ಲೇಖನವು ಎಚ್ಚರದಲ್ಲಿರುವ ಸಾಧಕನು ಗುರುವಿನ ಅನುಜ್ಞೆಯಿಂದ ಕಷಾಯಗಳನ್ನು ಕೃಶಗೊಳಿಸುತ್ತ ಸ್ವೀಕರಿಸುವ ವ್ರತ. ಪ್ರಜ್ಞೆಯಿಲ್ಲದ ತಂದೆಯ ಪರವಾಗಿ ಮಗನು ಅದನ್ನು ತೆಗೆದುಕೊಳ್ಳಲಾರನು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು ತಮ್ಮ ಕಣ್ಣು ಮಂಜಾಗಿ, ನಡೆಯುವಾಗ ಜೀವಿಗಳನ್ನು ಕಂಡು ಹೆಜ್ಜೆಯಿಡುವ ವ್ರತ ನಡೆಯದಾದಾಗ, ತಾವೇ ನಿಶ್ಚಯಿಸಿ 1955ರಲ್ಲಿ ಕುಂಥಲಗಿರಿಯಲ್ಲಿ ದೇಹ ಬಿಟ್ಟರು. ಆ ಧೀರ ನಿರ್ಣಯವನ್ನು ಮಳೆಯ ರಾತ್ರಿಯ ಗಾಬರಿಯ ನಿರ್ಣಯದ ಪಕ್ಕದಲ್ಲಿಡುವುದು ಉಚಿತವಲ್ಲ. ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದದ್ದೂ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟದ್ದೂ ಸಮಾಜಕ್ಕೆ ತಿಳಿದೇ ಇದೆ.

ಆದರೂ ಆಚಾರ್ಯರ ವಿವೇಚನೆಯಿಂದ ಗೃಹಸ್ಥರು ಕಲಿಯಬೇಕಾದದ್ದು ಬಹಳವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಉಪಸರ್ಗ, ದುರ್ಭಿಕ್ಷ, ಜರೆ, ರುಜೆಗಳನ್ನು ಕಾರಣವಾಗಿ ಹೇಳುವಾಗ, ಅವು ಪ್ರತೀಕಾರವಿಲ್ಲದವಾಗಿರಬೇಕೆಂಬ ವಿಶೇಷಣವನ್ನು ಸೇರಿಸಿದ್ದಾರೆ. ಮುಪ್ಪು ಬಂತೆಂಬುದಷ್ಟೇ ಸಾಲದು, ಪರಿಹಾರವಿಲ್ಲದಿರಬೇಕು. ಅವರ ಬದುಕಿನ ಕಥೆಯೇ ಇದಕ್ಕೆ ನಿದರ್ಶನ. ಭಸ್ಮಕ ವ್ಯಾಧಿಯಿಂದ ಪೀಡಿತರಾಗಿ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿದರು, ಮೊದಲು ರೋಗವನ್ನು ಗುಣಪಡಿಸಿಕೊಳ್ಳಲು ಆಜ್ಞಾಪಿಸಿದರು ಎಂದು ಪರಂಪರೆ ಹೇಳುತ್ತದೆ. ವ್ಯಾಧಿ ಶಮನವಾದ ಬಳಿಕ ಅವರು ಮತ್ತೆ ದೀಕ್ಷೆ ಪಡೆದು ಧರ್ಮಪ್ರಭಾವನೆ ಮಾಡಿದರು. ಗುರುವು ಅಂದು ಕೇಳಿದ್ದೂ ಇಂದಿನ ಒಳ್ಳೆಯ ವೈದ್ಯನು ಕೇಳುವುದೂ ಒಂದೇ ಪ್ರಶ್ನೆ: ಇದಕ್ಕೆ ಪ್ರತೀಕಾರವುಂಟೇ?

ಅದೇ ಗ್ರಂಥದಲ್ಲಿ ತ್ಯಾಗವನ್ನು ಯಮ, ನಿಯಮ ಎಂದು ಎರಡಾಗಿ ವಿಂಗಡಿಸಿದೆ. ಜೀವಾವಧಿಯದು ಯಮ, ಕಾಲಮಿತಿಯದು ನಿಯಮ. ಪ್ರತೀಕಾರವುಂಟೋ ಇಲ್ಲವೋ ಎಂದು ವೈದ್ಯರಿಗೇ ಸಂದೇಹವಿರುವ ಪ್ರಸಂಗಗಳಲ್ಲಿ ಈ ನಿಯಮದ ಕ್ರಮ ಅತ್ಯಂತ ಉಪಯುಕ್ತ. "ಮೂರು ದಿನ, ಇಲ್ಲವೇ ಐದು ದಿನ ಪೂರ್ಣ ಚಿಕಿತ್ಸೆ ಕೊಡೋಣ. ಉಸಿರು, ಮೂತ್ರ, ಪ್ರಜ್ಞೆ ಸುಧಾರಿಸಿದರೆ ಮುಂದುವರಿಸೋಣ. ಇಳಿಮುಖವಾದರೆ ಯಂತ್ರವನ್ನು ಹೆಚ್ಚಿಸದೆ ನೋವು ಶಮನಕ್ಕೆ ತಿರುಗೋಣ" ಎಂದು ಸೇರಿಸುವ ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳುವುದು. ತಜ್ಞರು ಇದನ್ನು ಕಾಲಮಿತಿಯ ಪರೀಕ್ಷೆ ಎನ್ನುತ್ತಾರೆ. ಹೀಗೆ ಮಾಡಿದಲ್ಲಿ ಪ್ರಯತ್ನವನ್ನೇ ಮಾಡಲಿಲ್ಲವೆಂಬ ಕೊರಗೂ ಉಳಿಯದು, ಕೊನೆಯಿಲ್ಲದ ಬಂಧನವೂ ಆಗದು. ಸೇರಿಸುವಾಗ ಯಾರೂ ಅವಧಿ ಕೇಳದಿರುವುದೇ ಹೆಚ್ಚಿನ ಮನೆಗಳ ಕಷ್ಟಕ್ಕೆ ಮೂಲ. ಬಡ್ಡಿಯ ದರ ಕೇಳದೆ ಕೈಕಾಗದಕ್ಕೆ ಸಹಿ ಹಾಕುವ ವ್ಯಾಪಾರಸ್ಥನು ಈ ಪೇಟೆಯಲ್ಲಿ ಒಬ್ಬನೂ ಇರಲಾರನು.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂಬ ಅಂಜಿಕೆ ಬಹಳ ಜನರಲ್ಲಿದೆ. ಈ ಕಾನೂನಿನ ಬೇರು ಉತ್ತರ ಕನ್ನಡದ ಮಣ್ಣಿನ ಒಬ್ಬ ಮಗಳ ದುಃಖದಲ್ಲಿದೆಯೆಂಬುದನ್ನು ಸ್ಮರಿಸಬೇಕು. ಹೊನ್ನಾವರ ತಾಲೂಕಿನ ಹಳದಿಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಒಬ್ಬ ನೌಕರನ ಪೈಶಾಚಿಕ ಕೃತ್ಯಕ್ಕೆ ಬಲಿಯಾಗಿ ಮೆದುಳು ಘಾಸಿಗೊಂಡು, 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ನಲವತ್ತೊಂದು ವರ್ಷಕ್ಕೂ ಮಿಕ್ಕಿ ಆ ಆಸ್ಪತ್ರೆಯ ಹಾಸಿಗೆಯಲ್ಲಿಯೇ ಉಳಿದರು. ಅವರಿಗೆ ಆಹಾರ ನಿಲ್ಲಿಸಲು ಅನುಮತಿ ಕೋರಿ ಪತ್ರಕರ್ತೆ ಪಿಂಕಿ ವಿರಾನಿ ಅರ್ಜಿ ಹಾಕಿದಾಗ, ಆಸ್ಪತ್ರೆಯ ಸಹೋದ್ಯೋಗಿಗಳು ಒಪ್ಪಲಿಲ್ಲ. ತಲೆಮಾರುಗಳ ಶುಶ್ರೂಷಕಿಯರು ಅವರನ್ನು ಸ್ವಂತ ಅಕ್ಕನಂತೆ ನೋಡಿಕೊಂಡರು. ಅಷ್ಟು ವರ್ಷ ಮಲಗಿದ ಮೈಯಲ್ಲಿ ಒಂದು ಹಾಸಿಗೆ ಹುಣ್ಣಿರಲಿಲ್ಲ. 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ಆ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಜೀವರಕ್ಷಕ ಚಿಕಿತ್ಸೆಯನ್ನು ಕೆಲವು ಪ್ರಸಂಗಗಳಲ್ಲಿ ಹಿಂತೆಗೆಯಬಹುದೆಂಬ ತತ್ತ್ವವನ್ನು ಅಂದೇ ಅಂಗೀಕರಿಸಿತು. ಈ ಸೇವೆಯ ಕಥೆಯನ್ನು ಕೇಳಿದವರಿಗೆ, ಯಂತ್ರ ಬೇಡವೆಂದರೆ ಆರೈಕೆಯೂ ಬೇಡವೆಂದು ಅರ್ಥವಲ್ಲವೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

2018ರ ಮಾರ್ಚ್ 9ರಂದು ಐವರು ನ್ಯಾಯಾಧೀಶರ ಪೀಠವು ಘನತೆಯಿಂದ ಮರಣಿಸುವುದೂ ಬದುಕುವ ಹಕ್ಕಿನ ಭಾಗವೆಂದು ಸಾರಿತು, ಮುಂಚಿತ ವೈದ್ಯಕೀಯ ನಿರ್ದೇಶನ ಪತ್ರಕ್ಕೆ ಮಾನ್ಯತೆ ಕೊಟ್ಟಿತು. ಆಗ ಹೇಳಿದ ವಿಧಾನ ಬಹಳ ಜಟಿಲವಾಗಿದ್ದುದರಿಂದ 2023ರ ಜನವರಿ 24ರಂದು ಅದನ್ನು ಸರಳಗೊಳಿಸಲಾಯಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ, ಇದನ್ನು ಜಿಲ್ಲೆಗಳಲ್ಲಿ ಕಾರ್ಯರೂಪಕ್ಕೆ ತರಲು ಜಿಲ್ಲಾ ಆರೋಗ್ಯಾಧಿಕಾರಿಗಳು ವೈದ್ಯರನ್ನು ನೇಮಿಸಬೇಕೆಂದು ಆದೇಶಿಸಿತು. ಚುಚ್ಚುಮದ್ದು ಕೊಟ್ಟು ಸಾಯಿಸುವ ಅನುಮತಿ ಇದಲ್ಲ. ಪತ್ರಿಕೆಗಳ ದಪ್ಪ ಅಕ್ಷರದ ಶೀರ್ಷಿಕೆಗಳಿಂದ ಹಾಗೊಂದು ಭ್ರಮೆ ಹಬ್ಬಿತು. ಜೀವರಕ್ಷಕ ಚಿಕಿತ್ಸೆಯಲ್ಲಿದ್ದು ಗುಣವಾಗುವ ಆಶೆಯಿಲ್ಲದವರಲ್ಲಿ ಮಾತ್ರ, ಆಸ್ಪತ್ರೆಯ ಮೂವರು ವೈದ್ಯರ ಮಂಡಳಿಯೊಂದು, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದವರೊಬ್ಬರನ್ನು ಒಳಗೊಂಡ ಮತ್ತೊಂದು ಮಂಡಳಿ ಒಪ್ಪಿ, ಮನೆಯವರೂ ಸಮ್ಮತಿಸಿದ ಮೇಲೆ, ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಆ ಚಿಕಿತ್ಸೆಯನ್ನು ಹಿಂತೆಗೆಯುವ ವಿಧಿ ಇದು. ಇನ್ನು ಸೇರಿಸುವ ಮಾತು: ಕೇಂದ್ರ ಆರೋಗ್ಯ ಇಲಾಖೆ 24 ಜನ ತಜ್ಞರಿಂದ ಸಿದ್ಧಪಡಿಸಿದ, 2024ರ ಜನವರಿಯಲ್ಲಿ ಸಾರ್ವಜನಿಕರ ಗಮನಕ್ಕೆ ಬಂದ ಮಾರ್ಗಸೂಚಿಯಲ್ಲಿ, ರೋಗಿ ಅಥವಾ ಹತ್ತಿರದ ಬಂಧುಗಳು ಬೇಡವೆಂದರೆ ಐ.ಸಿ.ಯು.ಗೆ ಸೇರಿಸತಕ್ಕದ್ದಲ್ಲ ಎಂದಿದೆ. ಬೇಡವೆಂದು ಹೇಳಿದ ಮಗನು ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯಲ್ಲ. ಊರವರ ದೃಷ್ಟಿಯಲ್ಲಿ ಆತನನ್ನು ಅಪರಾಧಿಯನ್ನಾಗಿ ಮಾಡುವ ಚಾಳಿಯನ್ನು ಬಿಡಬೇಕಾದವರು ಊರವರೇ. ಸೂತಕದ ಮನೆಗೆ ಬಂದು, "ಹುಬ್ಬಳ್ಳಿಗೆ ಒಯ್ದಿದ್ದರೆ ಉಳಿಯುತ್ತಿದ್ದರೋ ಏನೋ" ಎನ್ನುವವರ ಮಾತಿಗೆ ಹೆದರಿಯೇ ಎಷ್ಟೋ ಮನೆಗಳ ಚಾಲಿ ಅಡಿಕೆ ದರ ಏರುವ ಮೊದಲೇ ಮಾರಿಹೋಗಿದೆ, ಎಷ್ಟೋ ವೃದ್ಧರು ದಾರಿಯಲ್ಲಿ ಪ್ರಾಣ ಬಿಟ್ಟಿದ್ದಾರೆ.

ಬೇಡವೆಂದ ಮೇಲೆ ಮನೆಯಲ್ಲಿ ಮಾಡತಕ್ಕದ್ದು ಕಡಿಮೆಯೇನೂ ಅಲ್ಲ. ಉಸಿರಿನ ಸಂಕಟಕ್ಕೆ, ನೋವಿಗೆ ಔಷಧವುಂಟು. ಮಾರ್ಫೀನು ಇಟ್ಟುಕೊಳ್ಳುವ ಕಟ್ಟುಪಾಡುಗಳನ್ನು ಮಾನ್ಯತೆ ಪಡೆದ ವೈದ್ಯಸಂಸ್ಥೆಗಳಿಗೆ 2014ರ ಕಾಯಿದೆ ತಿದ್ದುಪಡಿ ಸಡಿಲಿಸಿದೆ. ಕೇರಳದ ಕೋಜಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ನೋವು ಶಮನದ ಸೇವೆ ಮುಂದೆ ಆ ರಾಜ್ಯದ ಹಳ್ಳಿ ಹಳ್ಳಿಗೆ ಸ್ವಯಂಸೇವಕರ ಮೂಲಕ ಹಬ್ಬಿತು. ಬೆಂಗಳೂರಿನಲ್ಲಿ ಕರುಣಾಶ್ರಯವಿದೆ. ಬಸದಿಯ ಜೀರ್ಣೋದ್ಧಾರಕ್ಕೆ ಇಷ್ಟು ಉದಾರವಾಗಿ ಕೈ ನೀಡಿದ ಸಮಾಜಕ್ಕೆ, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಮೈ ಒರೆಸಿ, ಮಗ್ಗುಲು ತಿರುಗಿಸಿ, ಔಷಧ ಕೊಟ್ಟು ಬರುವ ಇಬ್ಬರು ಶುಶ್ರೂಷಕಿಯರನ್ನೂ ಒಂದು ವಾಹನವನ್ನೂ ಈ ಮೂರು ತಾಲೂಕುಗಳಿಗೆ ಒದಗಿಸುವುದು ಅಸಾಧ್ಯವಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೂ ಅಭಯದಾನಕ್ಕೂ ಇದಕ್ಕಿಂತ ಸತ್ಪಾತ್ರ ಯಾವುದು?

ಕೊನೆಯದಾಗಿ, ಈ ಸಭೆಯಲ್ಲಿರುವ ಹಿರಿಯರಲ್ಲಿ ಒಂದು ವಿಜ್ಞಾಪನೆ. ಮಕ್ಕಳ ಮೇಲೆ ಭಾರ ಹೊರಿಸದೆ, ಬುದ್ಧಿ ಸ್ವಸ್ಥವಾಗಿರುವಾಗಲೇ ಮನಸ್ಸಿನ ಇಂಗಿತವನ್ನು ಮನೆಯವರೆಲ್ಲರ ಎದುರು ಹೇಳಬೇಕು. ಏನು ಬೇಕು ಎಂಬುದನ್ನೂ ಹೇಳಬೇಕು, ಬೇಡದ್ದನ್ನು ಮಾತ್ರವಲ್ಲ. ಬಳಿಕ ಬರೆದಿಡಬೇಕು. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು, ಈಗ ಕೋರ್ಟಿಗೆ ಅಲೆಯಬೇಕಾಗಿಲ್ಲ. ತಮಗೆ ಮಾತಾಡಲಾಗದ ಸ್ಥಿತಿ ಬಂದಾಗ ತಮ್ಮ ಪರವಾಗಿ ಮಾತಾಡುವವರ ಹೆಸರುಗಳನ್ನು ಅದರಲ್ಲಿ ಕಾಣಿಸಬೇಕು. ಅವರಲ್ಲಿ ಒಬ್ಬರಾದರೂ ಇದೇ ತಾಲೂಕಿನಲ್ಲಿರುವವರಾದರೆ ಒಳ್ಳೆಯದು. ಮನಸ್ಸು ಬದಲಾದರೆ ಎಂದು ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು. ಒಂದು ಪ್ರತಿ ಪಂಚಾಯತಿಯ ಅಥವಾ ನಗರಸಭೆಯ ಸಂಬಂಧಪಟ್ಟ ಅಧಿಕಾರಿಯಲ್ಲಿ, ಒಂದು ಪ್ರತಿ ಮನೆಯ ವೈದ್ಯರಲ್ಲಿ, ಒಂದೊಂದು ಪ್ರತಿ ಹೆಸರಿಸಿದವರಲ್ಲಿ ಇರಬೇಕು. ಮನೆಯ ಪ್ರತಿಯನ್ನು ಆಸ್ತಿಪತ್ರಗಳ ಜೊತೆ ತಿಜೋರಿಯಲ್ಲಿ ಇಡುವುದು ಬೇಡ. ಔಷಧದ ಚೀಟಿಗಳಿರುವ ಚೀಲದಲ್ಲಿಯೇ ಇಡಬೇಕು. ಆಸ್ಪತ್ರೆಗೆ ಹೊರಡುವಾಗ ಮನೆಯವರ ಕೈಗೆ ಮೊದಲು ಸಿಗುವುದು ಆ ಚೀಲ.